ಐದು ಬಾಡಿಗೆ ಮನೆ, ಒಂದು ಬೀರು

ನನ್ನನ್ನು ಯಾರಾದರೂ ಕಪಾಟು ಎಂದರೆ ಮೈಯೆಲ್ಲ ಉರಿಯುತ್ತದೆ, ಮೊದಲೇ ಹೇಳಿಬಿಡುತ್ತೇನೆ. ಕಪಾಟು ಗೋಡೆಯೊಳಗೆ ಹುಟ್ಟಿ ಗೋಡೆಯೊಳಗೇ ಇದ್ದುಬಿಡುತ್ತದೆ, ಅದಕ್ಕೆ ಲೋಕ ಗೊತ್ತಿಲ್ಲ. ನಾನು ಬೀರು. ಆರೂವರೆ ಅಡಿ ಎತ್ತರ, ಮೂರಡಿ ಅಗಲ, ಪಾಚಿ ಹಸಿರು ಬಣ್ಣ, ಎಡ ಬಾಗಿಲಿಗೆ ಉದ್ದನೆಯ ಕನ್ನಡಿ, ಒಳಗೆ ಬೇರೆಯೇ ಬೀಗದ ಒಂದು ಲಾಕರು. ಈಗ ಕಾಲಿಗೆ ತುಕ್ಕು ಹಿಡಿದಿದೆ, ಕನ್ನಡಿಯ ಅಂಚು ಕಪ್ಪಾಗಿದೆ. ಆದರೂ ಒಂದು ಕಾಲದಲ್ಲಿ ನನ್ನ ಮುಂದೆ ನಿಂತು ಮುಖ ನೋಡಿಕೊಳ್ಳದೆ ಆ ಮನೆಯವರು ಯಾರೂ ಹೊಸ್ತಿಲು ದಾಟುತ್ತಿರಲಿಲ್ಲ.

ನಾನು ಹುಟ್ಟಿದ್ದು ದಾವಣಗೆರೆಯಲ್ಲಿ, ರಹಮತ್ ಸಾಬರ ಶೆಡ್ಡಿನಲ್ಲಿ. ಅವರು ತಗಡು ಕತ್ತರಿಸಿ, ಬಗ್ಗಿಸಿ, ವೆಲ್ಡಿಂಗ್ ಹಾಕಿ, ನಾಲ್ಕು ದಿನದಲ್ಲಿ ನನಗೊಂದು ಆಕಾರ ಕೊಟ್ಟರು. ಐದನೇ ದಿನ ಬಣ್ಣ ಹೊಡೆದು ಬಿಸಿಲಿಗೆ ನಿಲ್ಲಿಸಿದರು. ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ಬಸವಣ್ಯಪ್ಪ ಎಂಬ ಹಿರಿಯರು ಮಗಳ ಮದುವೆಗೆಂದು ಬೀರು ಹುಡುಕಿಕೊಂಡು ಬಂದರು. ಬೆರಳ ಗೆಣ್ಣಿನಿಂದ ನನ್ನ ಬೆನ್ನಿಗೆ ಕುಟ್ಟಿ ನೋಡಿ ಮುಖ ಕಿವಿಚಿದರು.

“ತಗಡು ತೆಳ್ಳಗೈತಲ್ಲ ಸಾಬ್ರೆ.”

“ಯಜಮಾನ್ರ, ಬೀರು ಅಂದ್ರ ಒಂದ್ಸಲ ನಿಂತ್ರ ನಿಂತಂಗ. ನಿಮ್ಮ ಮಗಳೇನು ಇದನ್ನ ತಲಿಮ್ಯಾಲ ಹೊತ್ಕೊಂಡು ತಿರುಗ್ತಾಳೇನು?” ಎಂದು ರಹಮತ್ ಸಾಬರು ನಕ್ಕರು. ಬಸವಣ್ಯಪ್ಪನವರೂ ನಕ್ಕು ಮುಂಗಡ ಕೊಟ್ಟರು. ಪಾಪ, ಇಬ್ಬರಿಗೂ ಬೆಂಗಳೂರಿನ ಬಾಡಿಗೆ ಮನೆಯ ಸಂಗತಿ ಗೊತ್ತಿರಲಿಲ್ಲ.

ಮಗಳ ಹೆಸರು ಸರ್ವಮಂಗಳಾ. ಎಲ್ಲರೂ ಮಂಗಳಾ ಎನ್ನುತ್ತಿದ್ದರು. ಅಳಿಯ ಕೊಟ್ರೇಶ. ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇತ್ ಮಷೀನಿನ ಕೆಲಸ. ಕಡಿಮೆ ಮಾತಿನ ಆಸಾಮಿ. ಮದುವೆಯಾದ ಎಂಟನೇ ದಿನ ಮಂಚ, ಹಾಸಿಗೆ, ಕೊಡಪಾನಗಳ ಜೊತೆ ನನ್ನನ್ನೂ ಲಾರಿಗೆ ಹತ್ತಿಸಿ ಬೆಂಗಳೂರಿನ ಕಾಮಾಕ್ಷಿಪಾಳ್ಯಕ್ಕೆ ತಂದಿಳಿಸಿದರು.

ಮೊದಲನೆಯ ಮನೆ ಚೆನ್ನಾಗಿಯೇ ಇತ್ತು. ಒಂದು ಹಾಲ್, ಒಂದು ಕೋಣೆ, ಅಡುಗೆಮನೆ, ಮುಂದೆ ಬಟ್ಟೆ ಒಣಗಿಸಲು ಇಷ್ಟೇ ಇಷ್ಟು ಜಾಗ. ಬಾಡಿಗೆ ಸಾವಿರದಿನ್ನೂರು. ನನ್ನನ್ನು ಕೋಣೆಯಲ್ಲಿ ಗಂಭೀರವಾಗಿ ನಿಲ್ಲಿಸಿದರು. ಮಂಗಳಾ ಸೀರೆಗಳಿಗೆ ಕುಚ್ಚು ಕಟ್ಟುವ ಕೆಲಸ ಹಿಡಿದಳು. ನನ್ನ ಪಕ್ಕದಲ್ಲೇ ಚಾಪೆ ಹಾಸಿ ಕೂತು, ರೇಷ್ಮೆ ಎಳೆಗಳನ್ನು ಕಾಲ್ಬೆರಳಿಗೆ ಸಿಕ್ಕಿಸಿಕೊಂಡು ಹೊಸೆಯುತ್ತಿದ್ದಳು. ಮುಗಿದ ಸೀರೆ ಯಾರದ್ದೋ ಮದುವೆಗೆ ಹೋಗುವ ಮುಂಚೆ ಒಂದು ದಿನ ನನ್ನ ಹೊಟ್ಟೆಯಲ್ಲಿ ಇರುತ್ತಿತ್ತು. ಎಂಥೆಂಥ ಸೀರೆಗಳು ಅಂತೀರಿ! ಕೂಲಿ ದುಡ್ಡು ಮಾತ್ರ ಲಾಕರಿನಲ್ಲಿ, ಒಂದು ಹಾರ್ಲಿಕ್ಸ್ ಬಾಟಲಿಯಲ್ಲಿ ಬೀಳುತ್ತಿತ್ತು.

“ಇದು ಮನಿಗೆ. ಇದನ್ನ ಮುಟ್ಟಂಗಿಲ್ಲ” ಎಂದು ಅವಳು ಗಂಡನಿಗೆ ತಾಕೀತು ಮಾಡಿದ್ದಳು. ಸ್ವಂತ ಮನೆ. ಮಂಗಳಾಗೆ ಬೇಕಿದ್ದದ್ದು ಅದೊಂದೇ. ಒಡವೆ ಕೇಳಲಿಲ್ಲ, ಸೀರೆ ಕೇಳಲಿಲ್ಲ. ಹಬ್ಬಕ್ಕೆ ತಂದ ಸೀರೆಯನ್ನೂ ಒಮ್ಮೆ ವಾಪಸು ಕೊಟ್ಟು ದುಡ್ಡು ತಂದು ಬಾಟಲಿಗೆ ಹಾಕಿದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ.

ಹನ್ನೊಂದು ತಿಂಗಳಿಗೊಮ್ಮೆ ಕರಾರು ಪತ್ರ ಹೊಸದಾಗುತ್ತಿತ್ತು. ಆಗೆಲ್ಲ ಓನರಮ್ಮ ಕಾಫಿ ಕುಡಿಯಲು ಬರುತ್ತಿದ್ದರು. ಅವರು ಕಾಫಿಗೆ ಬಂದರೆ ನನಗೆ ಎದೆ ಧಸಕ್ ಎನ್ನುತ್ತಿತ್ತು. “ಏನ್ ಮಾಡೋದಮ್ಮ, ಎಲ್ಲಾ ಕಡೆ ಜಾಸ್ತಿ ಆಗೋಗಿದೆ” ಎಂದು ಶುರು ಮಾಡಿ, ಲೋಟ ಖಾಲಿಯಾಗುವಷ್ಟರಲ್ಲಿ ಬಾಡಿಗೆ ಏರಿಸಿ ಹೋಗುತ್ತಿದ್ದರು. ಮೂರನೇ ಕಾಫಿಯ ಹೊತ್ತಿಗೆ ಕೊಟ್ರೇಶ ಕೈ ಚೆಲ್ಲಿದ. ನಾವು ಎರಡನೆಯ ಮನೆಗೆ ಹೊರಟೆವು. ಬಾಗಿಲು ದಾಟುವಾಗ ನನ್ನ ಬಲ ಭುಜ ಚೌಕಟ್ಟಿಗೆ ಬಡಿದು ತಗ್ಗು ಬಿತ್ತು. ಮಂಗಳಾ ತನಗೇ ಪೆಟ್ಟಾದವಳಂತೆ “ಅಯ್ಯೋ ಶಿವನೇ!” ಎಂದು ಕೂಗಿಕೊಂಡಳು.

ಎರಡನೆಯ ಮನೆಯಲ್ಲಿ ಇದ್ದಾಗಲೇ ಆ ಸೈಟಿನ ವಿಷಯ ಬಂದದ್ದು. ಅದನ್ನು ನಿಧಾನವಾಗಿ ಹೇಳಬೇಕು, ಏಕೆಂದರೆ ಅದರಲ್ಲಿ ನನ್ನ ತಪ್ಪೂ ಇದೆ.

ಕೊಟ್ರೇಶನ ಜೊತೆ ಕೆಲಸ ಮಾಡುವ ಮುದ್ದಯ್ಯ ಎಂಬವನು ಮಾಗಡಿ ಕಡೆಯವನು. ಬಾಯಿ ಜೋರು, ಮನಸ್ಸು ಒಳ್ಳೆಯದು. ಒಂದು ಭಾನುವಾರ ಬಂದು ನನಗೇ ಒರಗಿ ಕೂತು ಹೇಳಿದ: “ಕೊಟ್ರೇಶಪ್ಪ, ಹೆಗ್ಗನಹಳ್ಳಿ ಆಚೆ ಇಪ್ಪತ್ತು ಮೂವತ್ತರದ್ದು ಒಂದು ಸೈಟ್ ಐತೆ. ಎರಡು ಲಕ್ಷ ಹತ್ತು ಸಾವಿರ. ಈಗ ಅಲ್ಲಿ ನರಿ ಕೂಗ್ತವೆ, ಇನ್ನೈದು ವರ್ಷಕ್ಕೆ ನೋಡು. ಕಣ್ಮುಚ್ಕೊಂಡು ತಗೊಂಡ್ಬುಡು.”

ಬಾಟಲಿಯಲ್ಲಿದ್ದದ್ದು, ಚೀಟಿ ಎತ್ತಿದ್ದು, ಮಂಗಳಾಳ ಎರಡು ಬಳೆ, ಎಲ್ಲ ಸೇರಿಸಿದರೆ ಮುಟ್ಟುವಂತಿತ್ತು. ಮಂಗಳಾ ಅಂದು ಅಡುಗೆ ಮಾಡುತ್ತಲೇ ಹಾಡಿಕೊಂಡಳು. ಕೂಸು ದಾಕ್ಷಾಯಿಣಿಗೆ ಮೂರು ವರ್ಷ. ಅದಕ್ಕೂ ಏನೋ ತಿಳಿದಂತೆ ನನ್ನ ಬಾಗಿಲು ಬಡಿದು ಕುಣಿಯಿತು. ಗಂಡ ಹೆಂಡತಿ ಹೋಗಿ ನೋಡಿ ಬಂದರು. ಸೈಟಿನ ಮುಖ ದಕ್ಷಿಣಕ್ಕೆ. ಅಕ್ಕಪಕ್ಕದವರು ಮೂಗು ಮುರಿದರು. ಯಾವುದಕ್ಕೂ ಕೇಳಿಬಿಡೋಣ ಎಂದು ಮಂಗಳಾ ತನ್ನ ಊರ ಕಡೆಯ, ವಾಸ್ತು ಹೇಳುವ ಒಬ್ಬರನ್ನು ಕರೆಸಿದಳು.

ಅವರು ನನ್ನ ಎದುರಿಗೇ ಚಕ್ಕಳಮಕ್ಕಳ ಹಾಕಿ ಕೂತು, ಹಳೆಯ ಲಗ್ನಪತ್ರಿಕೆಯ ಹಿಂಬದಿಗೆ ಗೆರೆ ಎಳೆದರು. ಆಮೇಲೆ ಪೆನ್ನಿನ ತುದಿಯಿಂದ ನನ್ನನ್ನೇ ತೋರಿಸಿದರು.

“ಬೀರು ನೈಋತ್ಯದಾಗ ಇರಬೇಕು, ಬಾಗ್ಲು ಉತ್ತರಕ್ಕ ತೆಗೀಬೇಕು. ಈ ಸೈಟಿನಾಗ ನೈಋತ್ಯ ಅಂದ್ರ ಬೀದಿ ಕಡೆಗೆ ಬಂತು, ಮೆಟ್ಟಲು ಪಕ್ಕಕ್ಕ. ಬಂದವ್ರು ಚಪ್ಪಲಿ ಬಿಡೋ ಜಾಗದಾಗ ಲಕ್ಷ್ಮಿನ ನಿಲ್ಲಸ್ತೀ ಏನವ್ವ?”

ಸುಳ್ಳು ಯಾಕೆ ಹೇಳಲಿ, ನನಗೆ ಹೆಮ್ಮೆಯಾಯಿತು. ತೆಳ್ಳನೆಯ ತಗಡಿನ ನನ್ನನ್ನು ಲಕ್ಷ್ಮಿ ಎಂದರಲ್ಲ! ಕೊಟ್ರೇಶ ಮಾತ್ರ, “ಮಂಗಳಾ, ಬೀರುನ ಎಲ್ಲ್ಯಾರ ಇಟ್ರಾತು. ಮೊದಲು ಇಡಾಕೊಂದು ಮನಿ ಬೇಕಲ್ಲ” ಎಂದ. ಮಂಗಳಾ ಮಗುವಿನ ಕಡೆ ನೋಡಿದಳು. ಆ ವರ್ಷ ಕೂಸಿಗೆ ಎರಡು ಸಲ ಜ್ವರ ಬಂದು ಆಸ್ಪತ್ರೆ ಸೇರಿತ್ತು. “ಬ್ಯಾಡ್ರೀ. ನನಗ ಹೆದರಿಕಿ ಆಗ್ತೈತಿ. ಪೂರ್ವದ್ದೋ ಉತ್ತರದ್ದೋ ಸಿಗಲಿ, ತಗೊಳ್ಳಾಣ” ಎಂದಳು. ಆ ಸೈಟನ್ನು ಕೊನೆಗೆ ಮುದ್ದಯ್ಯನೇ ಹೆಂಡತಿಯ ಸರ ಅಡವಿಟ್ಟು ಕೊಂಡುಕೊಂಡ.

ಪೂರ್ವದ್ದೂ ಸಿಕ್ಕಿತು, ಉತ್ತರದ್ದೂ ಸಿಕ್ಕಿತು. ದುಡ್ಡೇ ಸಾಲದಾಯಿತು. ಭಾನುವಾರ ಬಂತೆಂದರೆ ಮಂಗಳಾ ಬುತ್ತಿ ಕಟ್ಟಿಕೊಂಡು ಗಂಡ, ಮಗಳ ಜೊತೆ ಬಸ್ಸು ಹತ್ತುತ್ತಿದ್ದಳು. ಸಂಜೆ ಬಣ್ಣಬಣ್ಣದ ಲೇಔಟ್ ನಕ್ಷೆ ತಂದು ನನ್ನ ಲಾಕರಿನಲ್ಲಿ ಇಡುತ್ತಿದ್ದಳು. ಮೂರು ಲಕ್ಷ ಕೂಡಿಸಿದಾಗ ಸೈಟು ಆರಾಗಿತ್ತು. ಆರಕ್ಕೆ ಸಾಲ ಗೊತ್ತು ಮಾಡಿಕೊಂಡು ಹೋದರೆ ಹನ್ನೆರಡಾಗಿತ್ತು. “ನಾವು ಸ್ಟಾಪಿಗೆ ಓಡಿ ಬರೋದ್ರಾಗ ಬಸ್ಸು ಹೊಂಟಿರ್ತೈತಿ” ಎಂದು ಕೊಟ್ರೇಶ ಒಮ್ಮೆ ಅಂದ. ನಕ್ಷೆಗಳು ಎಷ್ಟಾದವೆಂದರೆ ಲಾಕರಿನ ಬಾಗಿಲು ಹಾಕಲು ಬರದಾಯಿತು. ಒಂದು ದಿನ ಅವಳೇ ಎಲ್ಲವನ್ನೂ ತೆಗೆದು ದಾಕ್ಷಿಯ ಪುಸ್ತಕಗಳಿಗೆ ಬೈಂಡು ಹಾಕಿದಳು. ಗಣಿತದ ಪುಸ್ತಕಕ್ಕೆ ನೆಲಮಂಗಲ, ಸಮಾಜಕ್ಕೆ ತಾವರೆಕೆರೆ. ಆ ಹುಡುಗಿಯ ಬ್ಯಾಗಿನಲ್ಲಿ ಎಷ್ಟು ಸೈಟುಗಳಿದ್ದವೋ!

ಮೂರನೆಯ ಮನೆಗೆ ಹೋಗುವಾಗಿನ ಕಥೆ ನೆನೆದರೆ ಈಗಲೂ ಜೀವ ಬಾಯಿಗೆ ಬರುತ್ತದೆ. ಮೆಟ್ಟಿಲು ಅಷ್ಟು ಕಿರಿದು, ತಿರುವಿನಲ್ಲಿ ನಾನು ಸಿಕ್ಕಿಕೊಂಡೆ. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಕೊನೆಗೆ ಹೇಗೋ ಕೆಳಗಿಳಿಸಿ, ಸೊಂಟಕ್ಕೆ ಹಗ್ಗ ಬಿಗಿದು ಬಾಲ್ಕನಿಯಿಂದ ಎಳೆದರು. ಕರೆಂಟಿನ ತಂತಿಗೂ ನನಗೂ ಒಂದು ಮೊಳ ಅಂತರ. ಬೀದಿಯವರೆಲ್ಲ ಕಣ್ಣು ಬಾಯಿ ಬಿಟ್ಟು ನೋಡುತ್ತಿದ್ದರು. ನನ್ನ ಕನ್ನಡಿಯಲ್ಲಿ ಇಡೀ ಬೀದಿ ತಲೆಕೆಳಗಾಗಿ ತೂಗಾಡಿತು. ಇಷ್ಟೆಲ್ಲ ಕಷ್ಟಪಟ್ಟು ಹೊಕ್ಕ ಮನೆಯಲ್ಲಿ ನಾಲ್ಕೇ ವರ್ಷ. ಆ ಕಡೆಗೆ ಮೆಟ್ರೋ ಬರುತ್ತದೆ ಎಂಬ ಸುದ್ದಿ ಹಬ್ಬಿತು. ರೈಲು ಬರುವ ಮುಂಚೆಯೇ ಬಾಡಿಗೆ ಬಂದುಬಿಟ್ಟಿತು.

ನಾಲ್ಕನೆಯ ಮನೆಯಲ್ಲಿ ನನಗೆ ಅಡುಗೆಮನೆಯಲ್ಲಿ ಜಾಗ. ನಗಬೇಡಿ. ಇದ್ದದ್ದೇ ಒಂದು ಕೋಣೆ, ಒಂದು ಅಡುಗೆಮನೆ. ಕೋಣೆಯಲ್ಲಿ ನಾನು ನಿಂತರೆ ದಾಕ್ಷಿ ಓದಲು ಕೂರುವಂತಿರಲಿಲ್ಲ. ಒಲೆಯ ಪಕ್ಕದಲ್ಲಿ ಆರು ವರ್ಷ ನಿಂತೆ. ಸಾಸಿವೆ ಸಿಡಿದು ಮೈಮೇಲೆ ಬೀಳುತ್ತಿತ್ತು. ಮಂಗಳಾಳ ಧಾರೆ ಸೀರೆಗೆ ಇವತ್ತಿಗೂ ಇಂಗಿನ ವಾಸನೆ. ಕುಚ್ಚಿಗೆ ಬರುವ ಸೀರೆಗಳಿಗೆ ಒಗ್ಗರಣೆ ತಾಕಬಾರದೆಂದು ಅವಳು ಹಳೆಯ ದುಪ್ಪಟಿಯಿಂದ ನನ್ನನ್ನು ತಲೆಯಿಂದ ಕಾಲಿನವರೆಗೆ ಮುಚ್ಚುತ್ತಿದ್ದಳು. ಆ ಮನೆಯನ್ನೂ ಓನರು ಕೆಡವಿ ಲಿಫ್ಟು ಇರುವ ಕಟ್ಟಡ ಕಟ್ಟುತ್ತೇನೆಂದು ನಿಂತರು. ಎರಡು ತಿಂಗಳ ಗಡುವು.

ಎಲ್ಲಿ ಕೇಳಿದರೂ ಲಕ್ಷದ ಮೇಲೆ ಅಡ್ವಾನ್ಸು. ಕೊಟ್ರೇಶನ ಸಪ್ಪೆ ಮುಖ ನೋಡಿ ಮುದ್ದಯ್ಯನೇ ಅಂದನಂತೆ, “ನಮ್ಮನೆ ಎರಡನೇ ಅಂತಸ್ತು ಖಾಲಿ ಐತೆ, ಬಂದ್ಬುಡ್ರಪ್ಪ. ಅಡ್ವಾನ್ಸ್ ಆದಾಗ ಕೊಡಿವ್ರಂತೆ.” ಅಷ್ಟರಲ್ಲಿ ಅವನು ಆ ದಕ್ಷಿಣದ ಸೈಟಿನಲ್ಲಿ ಮೂರು ಅಂತಸ್ತು ಎಬ್ಬಿಸಿದ್ದ. ಮಕ್ಕಳ ಮದುವೆ ಮಾಡಿದ್ದ. ಗುಂಡುಕಲ್ಲಿನ ಹಾಗಿದ್ದ.

ಹಾಗೆ ನಾವು, ಬೇಡವೆಂದು ಬಿಟ್ಟ ಸೈಟಿನ ಮೇಲೆಯೇ ಬಾಡಿಗೆಗೆ ಹೋದೆವು. ಎಲ್ಲಿ ನಿಲ್ಲಿಸಿದರು ಗೊತ್ತೇ ನನ್ನನ್ನು? ಮುಂಬಾಗಿಲ ಪಕ್ಕದ ಮೂಲೆಯಲ್ಲಿ, ಮೆಟ್ಟಿಲಿಗೆ ಅಂಟಿಕೊಂಡು. ಬೇರೆ ಕಡೆ ಹಿಡಿಸಲೇ ಇಲ್ಲ. ಬಂದವರು ನನ್ನ ಕಾಲ ಬಳಿಯೇ ಚಪ್ಪಲಿ ಬಿಡುತ್ತಿದ್ದರು. ಮೊದಲ ದಿನ ಗಂಡ ಕೆಲಸಕ್ಕೆ, ಮಗಳು ಶಾಲೆಗೆ ಹೋದ ಮೇಲೆ ಮಂಗಳಾ ನನ್ನ ಬಾಗಿಲು ತೆಗೆದಳು, ಸೀರೆಗಳ ನಡುವೆ ಮುಖ ಹುದುಗಿಸಿ ಅತ್ತಳು. ಬಿಕ್ಕಿ ಬಿಕ್ಕಿ ಅತ್ತಳು. “ನನ್ನ ಕೈಯಾರೆ ನಾನೇ ಕಳಕೊಂಡೆ” ಎಂದಳು. ನನಗೆ ಬಾಯಿ ಇದ್ದಿದ್ದರೆ, ಅಲ್ಲ ತಾಯಿ, ನನ್ನ ನೆಪದಲ್ಲಿ ಕಳೆಯಿತು ಎನ್ನುತ್ತಿದ್ದೆ. ಅಂದು ಪೆನ್ನಿನ ತುದಿ ನನ್ನ ಕಡೆ ತಿರುಗಿದಾಗ ಹೆಮ್ಮೆಪಟ್ಟಿದ್ದಕ್ಕೆ ನನಗೆ ಇವತ್ತಿಗೂ ನಾಚಿಕೆಯಿದೆ.

ಕೊಟ್ರೇಶ ದೊಡ್ಡ ಮನುಷ್ಯ. ಎಂಟು ವರ್ಷ ಆ ಮನೆಯಲ್ಲಿದ್ದರೂ “ಅವತ್ತು ನಾನು ಹೇಳಿದ್ನಲ್ಲ” ಎಂಬ ಮಾತು ಅವನ ಬಾಯಿಂದ ಬರಲಿಲ್ಲ. ಒಂದೇ ಒಂದು ಸಲ, ಅವಳೇ ಆ ಮಾತು ತೆಗೆದಾಗ, “ಹೋಗ್ಲಿ ಬಿಡು. ಕೂಸಿಗೆ ಹುಷಾರಿರಲಿಲ್ಲ, ಹೆದರಿದ್ದಿ. ಹೆದರಿದ್ದು ತಪ್ಪಾ?” ಎಂದ. ಅಂದು ನನಗೆ ಅವನ ಮೇಲೆ ಪ್ರೀತಿ ಉಕ್ಕಿ ಬಂತು.

ಮುದ್ದಯ್ಯನೂ ಬಾಡಿಗೆ ಏರಿಸಿದ. ಏರಿಸುವಾಗ ಕತ್ತು ತುರಿಸಿಕೊಂಡು, “ಎದುರು ಮನೆಯೋರು ಹದಿನೈದು ತಗೋತವ್ರೆ ಕಣವ್ವ, ನಂಗೆ ಹನ್ನೆರಡು ಕೊಡು ಸಾಕು” ಎನ್ನುತ್ತಿದ್ದ. ಅವನನ್ನು ದೂರುವುದಕ್ಕೆ ಆಗುವುದಿಲ್ಲ. ದಾಕ್ಷಿ ನರ್ಸಿಂಗ್ ಮುಗಿಸಿ ಒಂದು ಆಸ್ಪತ್ರೆಗೆ ಸೇರಿದಳು. ಅದೇ ವರ್ಷ ಕೊಟ್ರೇಶನ ಕಾರ್ಖಾನೆಯವರು ಮಷೀನು ಕಿತ್ತುಕೊಂಡು ಬೇರೆ ರಾಜ್ಯಕ್ಕೆ ಹೊರಟರು. ಕಾರ್ಖಾನೆಗೂ ಜಾಗ ದುಬಾರಿಯಾಗಿತ್ತಂತೆ. ಐವತ್ತಮೂರಕ್ಕೆ ಅವನು ಮನೆಯಲ್ಲಿ ಕೂತ.

ಲೆಕ್ಕ ತೀರಿಸಿ ಕೊಟ್ಟ ಹಣ, ಮಂಗಳಾಳ ಕುಚ್ಚಿನ ಹಣ ಎಲ್ಲ ಸೇರಿ ಹನ್ನೊಂದು ಲಕ್ಷ. ಅದಕ್ಕೆ ಬೆಂಗಳೂರಿನಲ್ಲಿ ಏನು ಬರುತ್ತದೆ ಎಂದು ದಾಕ್ಷಿ ಮೊಬೈಲಿನಲ್ಲಿ ನೋಡಿ ನಕ್ಕಳು: “ಅಪ್ಪ, ಮುದ್ದಯ್ಯ ಮಾಮನ ಕಾರು ನಿಲ್ಸೋ ಜಾಗ ಬರುತ್ತೆ. ಕಾರು ಅವರೇ ತಗೊಂಡು ಹೋದ್ರೆ.” ಮಂಗಳಾ ನಗಲಿಲ್ಲ. “ಹಂಗಾರ ಅದಕ್ಕ ಮನಿ ಬರೋ ಊರು ಯಾವುದು, ಅದನ್ನ ನೋಡು” ಎಂದಳು.

ಆಮೇಲೆ ಎರಡು ತಿಂಗಳು ಇಬ್ಬರೂ ಊರೂರು ಸುತ್ತಿದರು. ಬಂದು ನನ್ನ ಮುಂದೆ ಚೀಲ ಇಟ್ಟು ಮಾತಾಡುತ್ತಿದ್ದರು, ನಾನು ನಿಂತಲ್ಲೇ ಕೇಳಿಸಿಕೊಳ್ಳುತ್ತಿದ್ದೆ. ತುಮಕೂರು ಆಗಲೇ ಬೆಂಗಳೂರಿನ ಬೆನ್ನು ಹತ್ತಿತ್ತು. ಚಿತ್ರದುರ್ಗದಲ್ಲಿ ಊರ ಹೊರಗೆ ಖಾಲಿ ಜಾಗ ಬರುತ್ತಿತ್ತು, ಮನೆ ಇಲ್ಲ. ದಾವಣಗೆರೆಯ ಮೇಲೆ ಮಂಗಳಾ ಬಹಳ ಆಸೆ ಇಟ್ಟುಕೊಂಡಿದ್ದಳು, ತವರೂರು. ಅಲ್ಲಿಯೂ ಇಪ್ಪತ್ತೆಂಟು ಎಂದರಂತೆ. “ಬೆಂಗಳೂರೋರು ಬಂದು ತಗೊಂಡು ಹಾಕ್ಯಾರಂತವ್ವ, ರೇಟು ಏರೈತಿ” ಎಂದು ಮಗಳಿಗೆ ಹೇಳಿದಳು. ಇಷ್ಟು ವರ್ಷ ಅವಳೇ ಬೆಂಗಳೂರಿನವಳು. ಆದರೆ ಬೆಂಗಳೂರಿನವರು ಅನ್ನಿಸಿಕೊಂಡ ಆ ಜನ ಯಾರೋ ಬೇರೆ.

ಕೊನೆಗೆ ಹರಪನಹಳ್ಳಿಯಲ್ಲಿ, ಹಳೆಯ ಗಲ್ಲಿಯೊಂದರಲ್ಲಿ ಎರಡು ಅಂಕಣದ ಮನೆ. ದಪ್ಪ ಗೋಡೆ, ಹಿತ್ತಲು, ನಲ್ಲಿ, ಒಂದು ಕರಿಬೇವಿನ ಗಿಡ. ಒಂಬತ್ತೂವರೆ ಲಕ್ಷ. ಕೊಟ್ರೇಶ, “ನಾಳೆ ಹೇಳ್ತೀವಿ” ಎಂದು ಎದ್ದನಂತೆ. ಮಂಗಳಾ ಕೂತಲ್ಲಿಂದ ಏಳದೆ, “ನಾಳೆ ಇಲ್ಲ, ಈಗ ಹೇಳ್ರಿ” ಎಂದು ಸೆರಗಿನ ಗಂಟಿನಿಂದ ಐದು ಸಾವಿರ ತೆಗೆದು ಮುಂದಿಟ್ಟಳಂತೆ. ಮನೆಯ ಮುಖ ಯಾವ ದಿಕ್ಕಿಗೆ ಎಂದು ದಾಕ್ಷಿ ಕೇಳಿದರೆ, ಕೊಟ್ರೇಶ ನಗುತ್ತಾ ಬಾಯಿಯ ಮೇಲೆ ಬೆರಳಿಟ್ಟ.

ಸುಖ ಪೂರ್ತಿ ಎಂದುಕೊಳ್ಳಬೇಡಿ. ಹರಪನಹಳ್ಳಿಯಲ್ಲಿ ಮನೆ ಅಗ್ಗ, ಹಾಗೆಯೇ ಕೂಲಿಯೂ ಅಗ್ಗ. ಬೆಂಗಳೂರಿನಲ್ಲಿ ನಾನೂರು ಸಿಗುತ್ತಿದ್ದ ಕುಚ್ಚಿಗೆ ಇಲ್ಲಿ ನೂರಿಪ್ಪತ್ತು. ಟ್ರ್ಯಾಕ್ಟರ್ ರಿಪೇರಿ ಅಂಗಡಿಯಲ್ಲಿ ಕೊಟ್ರೇಶನಿಗೆ ಮೊದಲಿನ ಮೂರನೇ ಒಂದು ಪಾಲು ಸಂಬಳ. ಎಲ್ಲಕ್ಕಿಂತ ದೊಡ್ಡದು ದಾಕ್ಷಿಯ ವಿಷಯ. ಹೊರಡುವ ಮುಂಚೆ ಮಂಗಳಾ ಅವಳನ್ನು ಎಷ್ಟು ಸಲ ಕರೆದಳೋ!

“ನೀನೂ ಬಾರವ್ವ. ಅಲ್ಲೂ ಆಸ್ಪತ್ರಿ ಅದಾವು.”

“ಅಲ್ಲಿ ಒಂಬತ್ತು ಸಾವಿರ ಕೊಡ್ತಾರಂತೆ ಅಮ್ಮ, ಇಲ್ಲಿ ಇಪ್ಪತ್ತಾರು. ನಾನು ಅಲ್ಲಿಗೆ ಬಂದ್ರೆ ನಿಮಗೆ ಕಳಿಸೋರು ಯಾರು?”

ಅವಳು ಒಂದು ಪಿಜಿ ಸೇರಿದಳು. ಒಂದು ಕೋಣೆ, ಮೂರು ಮಂಚ, ಅದರಲ್ಲಿ ಒಂದು ಇವಳದು. ಆ ಮಂಚಕ್ಕೆ ತಿಂಗಳಿಗೆ ಎಂಟು ಸಾವಿರ. ನಮ್ಮ ಮೊದಲ ಮನೆಯ ಆರು ತಿಂಗಳ ಬಾಡಿಗೆಗಿಂತ ಹೆಚ್ಚು! ಬಟ್ಟೆ ಮಂಚದಡಿಯ ಸೂಟ್‌ಕೇಸಿನಲ್ಲಿ, ಟವೆಲ್ಲು ಮಂಚದ ಸರಳಿಗೆ. ನನ್ನಂಥದ್ದೊಂದನ್ನು ಅಲ್ಲಿಗೆ ಒಯ್ಯುವ ಮಾತೇ ಇಲ್ಲ. ಲಾರಿ ಹೊರಟಾಗ ದಾಕ್ಷಿ ನನ್ನ ಕನ್ನಡಿಯಲ್ಲಿ ಮುಖ ನೋಡಿಕೊಂಡು ಕಣ್ಣೊರೆಸಿಕೊಂಡಳು.

ಹರಪನಹಳ್ಳಿಗೆ ಬರುವಷ್ಟರಲ್ಲಿ ನನ್ನ ಒಂದು ಕಾಲು ಪೂರ್ತಿ ಕುಸಿದಿತ್ತು. ಆ ಮನೆಯ ದಪ್ಪ ಗೋಡೆಯಲ್ಲಿ ಆಳವಾದ ಗೂಡುಗಳಿದ್ದವು. ಸೀರೆಗಳೆಲ್ಲ ಅಲ್ಲಿಗೆ ಹೋದವು. ನಾನು ದೂರುತ್ತಿದ್ದ ಗೋಡೆ ಕಪಾಟುಗಳೇ ನನ್ನ ಕೆಲಸ ಕಿತ್ತುಕೊಂಡವು, ಏನು ಮಾಡುವುದು! ಕಾಲಿಗೆ ಇಟ್ಟಿಗೆ ಕೊಟ್ಟು ನನ್ನನ್ನು ಹಿತ್ತಲ ಪಡಸಾಲೆಯಲ್ಲಿ, ಒಳಬಾಗಿಲಿಗೆ ಎದುರಾಗಿ ನಿಲ್ಲಿಸಿದರು. ಈಗ ನನ್ನ ಹೊಟ್ಟೆಯಲ್ಲಿ ಜೋಳ, ಶೇಂಗಾ, ಹಳೆಯ ಪೇಪರು. ಗುಜರಿಯವನು ವಾರಕ್ಕೊಮ್ಮೆ ನನ್ನನ್ನು ಆಸೆಯಿಂದ ನೋಡಿಕೊಂಡು ಹೋಗುತ್ತಾನೆ. ಮಂಗಳಾ, “ಇದನ್ನ ಕೊಡಂಗಿಲ್ಲಪ್ಪ” ಎನ್ನುತ್ತಾಳೆ. ನನಗೆ ಬೇಜಾರಿಲ್ಲ. ಇಪ್ಪತ್ತೈದು ವರ್ಷದಲ್ಲಿ ಮೊದಲ ಸಲ, ಇನ್ನು ನನ್ನನ್ನು ಯಾರೂ ಎತ್ತುವುದಿಲ್ಲ ಎಂಬ ನೆಮ್ಮದಿಯಿಂದ ನಿಂತಿದ್ದೇನೆ. ಮನುಷ್ಯರಿಗೆ ಈ ನೆಮ್ಮದಿ ಇಷ್ಟು ತಡವಾಗಿ, ಇಷ್ಟು ದೂರ ಬಂದು ಸಿಗಬೇಕೇ ಎಂದು ಮಾತ್ರ ಅನ್ನಿಸುತ್ತದೆ.

ಬಂದು ಮೂರನೇ ದಿನ, ಬೆಳಗಿನ ಹನ್ನೊಂದು ಗಂಟೆ. ಕ್ಯಾಲೆಂಡರು ಹಾಕಲೆಂದು ಮಂಗಳಾ ಸುತ್ತಿಗೆ, ಮೊಳೆ ಹಿಡಿದು ಗೋಡೆಯ ಮುಂದೆ ನಿಂತಳು. ನಿಂತೇ ಇದ್ದಳು. ಐದು ಮನೆಯಲ್ಲೂ ಗೋಡೆಗೆ ಮೊಳೆ ಹೊಡೆಯುವಂತಿರಲಿಲ್ಲ, ಕರಾರಿನಲ್ಲೇ ಬರೆದಿರುತ್ತಿತ್ತು.

“ರೀ, ಇಲ್ಲಿ ಹೊಡೀಲೇನ್ರಿ?”

“ನನ್ನನ್ಯಾಕ ಕೇಳ್ತಿ? ಓನರನ್ನ ಕೇಳು” ಎಂದ ಕೊಟ್ರೇಶ, ಪೇಪರಿನಿಂದ ತಲೆಯೆತ್ತದೆ.

ಮಂಗಳಾ ನಿಜವಾಗಿಯೂ ತಿರುಗಿ ಬಾಗಿಲ ಕಡೆ ನೋಡಿದಳು. ಆಮೇಲೆ ನೆನಪಾಯಿತು, ಮನೆಯ ಕ್ರಯಪತ್ರ ಅವಳ ಹೆಸರಿನಲ್ಲೇ ಇದೆ. ನಕ್ಕಳು, ನಗುತ್ತಲೇ ಕಣ್ಣು ತುಂಬಿಕೊಂಡಳು. ಟಕ್, ಟಕ್, ಟಕ್. ಸುಣ್ಣ ಉದುರಿತು. ಅಷ್ಟರಲ್ಲಿ ದಾಕ್ಷಿಯ ಫೋನು. ಕೊಟ್ರೇಶ ಸ್ಪೀಕರು ಒತ್ತಿ ಹಿಡಿದ.

“ಅಮ್ಮ, ಏನದು ಸದ್ದು?”

“ಮೊಳಿ ಹೊಡ್ಯಾಕ ಹತ್ತೀನಿ ಕಣೆ. ಗ್ವಾಡಿಗೆ.”

ಆ ಕಡೆ ಪಿಜಿಯ ಫ್ಯಾನಿನ ಸದ್ದು ಕೇಳಿಸುತ್ತಿತ್ತು.

“ಇನ್ನೊಂದು ಹೊಡಿಯಮ್ಮ. ಫೋನ್ ಇಡಬೇಡ, ನಾನು ಕೇಳಿಸ್ಕೋತೀನಿ.”

“ಇನ್ನೊಂದು ಯಾಕ? ಹಾಕಾಕ ಏನೂ ಇಲ್ಲಲ್ಲೇ.”

“ಇರಲಿ, ಹೊಡಿ. ಅದು ನಂದು.”

ಮಂಗಳಾ ಕಣ್ಣೊರೆಸಿಕೊಂಡು, ಮಗಳು ತನಗಿಂತ ಉದ್ದ ಎಂದು ಒಂದು ಗೇಣು ಮೇಲಕ್ಕೆ ಗುರುತು ಮಾಡಿ, ಬಲವಾಗಿ ಹೊಡೆದಳು. ಆ ಮೊಳೆಗೆ ಇನ್ನೂ ಏನೂ ನೇತು ಹಾಕಿಲ್ಲ. ನಾನಿರುವಲ್ಲಿಂದ ಅದು ಚೆನ್ನಾಗಿ ಕಾಣುತ್ತದೆ.